ಎತ್ತಿಕೊಡುವ ದನಿ

ದೇವರ ಜಗಲಿಯ ಮೇಲಿನ ವಸ್ತುವನ್ನು ಮುಟ್ಟುವ ಮೊದಲು ಕೈ ತೊಳೆದುಕೊಳ್ಳಬೇಕು, ಅದು ಮುಂದೆ ಯಂತ್ರದ ಬಾಯಿಗೆ ಹೋಗುವಂಥದ್ದಾದರೂ ಸರಿಯೇ ಎಂಬುದು ಸೂಗಮ್ಮನ ಕಟ್ಟಳೆ. ಹಾಗಾಗಿ ರಾಯಚೂರಿನ ಚೈತ್ರದ ಬಿಸಿಲಿಗೆ ನಲ್ಲಿಯ ನೀರೇ ಸುಡುತ್ತಿದ್ದ ಹೊತ್ತಿನಲ್ಲಿ ಅವಳ ಮಗಳು ನಾಗವೇಣಿ ಮತ್ತೆ ಮತ್ತೆ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ನಡುಮನೆಯ ನೆಲದ ಮೇಲೆ ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅವಳ ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಹೊಸ ಬ್ಲೂ-ರೇ ಡ್ರೈವ್. ಸೂಗಮ್ಮ ಗೋಡೆಗೆ ಒರಗಿ ಕಾಲು ಚಾಚಿ, ಮಡಿಲಲ್ಲಿ ಒಂದು ಕೆಂಪು ವಸ್ತ್ರದ ಗಂಟು ಇಟ್ಟುಕೊಂಡಿದ್ದಳು. ಆ ಗಂಟಿನೊಳಗೆ ಅವಳ ಗಂಡ ತಾಯಣ್ಣನ ದನಿ ಇತ್ತು.

ದನಿ ಎಂದರೆ ಒಂದು ಡಿಸ್ಕು. ತಾಯಣ್ಣ ಹಗಲು ಕಂಡವರ ಹೊಲದಲ್ಲಿ ದುಡಿದು, ಹುಣ್ಣಿಮೆ ಅಮಾವಾಸ್ಯೆಗೆ ಅರಕೇರಾದ ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವನು. ಅವನು ಬದುಕಿದ್ದಾಗ ಎಲ್ಲಿಂದಲೋ ಬಂದ ಇಬ್ಬರು ಚಿತ್ರೀಕರಣದವರು ಒಂದು ಇಡೀ ಭಜನೆಯನ್ನು ಹಿಡಿದುಕೊಂಡು ಹೋಗಿ, ಮುಂದೆ ಟಪಾಲಿನಲ್ಲಿ ಈ ಡಿಸ್ಕನ್ನು ಕಳಿಸಿದ್ದರು. ದೇವದುರ್ಗದ ಸೀಡಿ ಅಂಗಡಿಯವನು ತನ್ನ ಪ್ಲೇಯರಿಗೆ ಹಾಕಿ ನೋಡಿ, ಇದರೊಳಗೆ ಏನೂ ಇಲ್ಲ ಎಂದು ಕೈಗೆ ಕೊಟ್ಟಿದ್ದ. ಏನೂ ಇಲ್ಲದ್ದನ್ನು ಅಷ್ಟು ದೂರದಿಂದ ಯಾರು ಕಳಿಸುತ್ತಾರೆ ಎಂದುಕೊಂಡು ಸೂಗಮ್ಮ ಅದನ್ನು ಒಯ್ದು ಜಗಲಿಯ ಮೇಲೆ, ಗುರುವಿನ ಪಟದ ಪಕ್ಕ ಇಟ್ಟಳು. ಅದು ಅಲ್ಲಿಯೇ ಉಳಿಯಿತು. ತಾಯಣ್ಣ ಉಳಿಯಲಿಲ್ಲ.

ಅರಕೇರಾದ ಆ ಮೇಳಕ್ಕೆ ತನ್ನದೇ ಒಂದು ನೇಮವಿತ್ತು. ಹಾಡುವವನು ತೀರಿಕೊಂಡರೆ ಅವನ ಏಕತಾರಿಯನ್ನು ಮನೆಯ ಗೋಡೆಗೆ ತೂಗುಹಾಕುತ್ತಾರೆ. ಅವನ ದೊಡ್ಡ ಪದವನ್ನು ಮೊದಲಿನಿಂದ ಕಡೆಯವರೆಗೆ, ಒಂದು ನುಡಿಯನ್ನೂ ಬಿಡದೆ, ಅದೇ ಮಟ್ಟಿನಲ್ಲಿ ಹಾಡಿದವನು ಅದನ್ನು ಕೆಳಗಿಳಿಸಿ ಹೆಗಲಿಗೆ ಹಾಕಿಕೊಳ್ಳಬೇಕು. ಮೂರನೆಯ ಆರಾಧನೆಯೊಳಗೆ ಅಂಥವನು ಸಿಗದಿದ್ದರೆ ಏಕತಾರಿಯನ್ನು ಕೃಷ್ಣೆಗೆ ಬಿಡುತ್ತಾರೆ. ಮೂಕವಾದ ವಾದ್ಯ ಮನೆಯಲ್ಲಿ ಇರಬಾರದು. ತಾಯಣ್ಣನ ಮೂರನೆಯ ಆರಾಧನೆ ಈ ದವನದ ಹುಣ್ಣಿಮೆಗೆ. ಹುಣ್ಣಿಮೆ ನಾಳೆ.

ಹಾಡುವವನೇನೋ ಇದ್ದ. ಪಂಚಾಯಿತಿಯಲ್ಲಿ ಊರಿಗೆ ನೀರು ಬಿಡುವ ಕೆಲಸದ ಕನಕರಾಜ ತಾಯಣ್ಣನ ಕಾಲ ಬಳಿ ಕೂತು ಕಲಿತವನು. ಪದದ ಎಲ್ಲ ನುಡಿಗಳೂ ಅವನ ಬಾಯಲ್ಲಿದ್ದವು, ಕಡೆಯದೊಂದನ್ನು ಬಿಟ್ಟು. ಆ ನುಡಿಯನ್ನು ಮೂಡಲು ಬೆಳ್ಳಗಾಗುವಾಗ ಮಾತ್ರ ಹಾಡಬೇಕು, ಬೇರೆ ಹೊತ್ತಿನಲ್ಲಿ ಬಾಯಿಗೆ ತರಬಾರದು. ಆ ಹೊತ್ತಿಗೆ ಸರಿಯಾಗಿ ಕನಕರಾಜನನ್ನು ಪ್ರಸಾದದ ಹುಗ್ಗಿಯ ಹಂಡೆಗೆ ಉರಿ ಹಾಕಲು ಕಳಿಸುತ್ತಿದ್ದರು. ಅವನು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಒಳಗೆ ಪದ ಮುಗಿದಿರುತ್ತಿತ್ತು. ಹಿಮ್ಮೇಳದ ಹಳಬರಲ್ಲಿ ಕೆಲವರು ತೀರಿಕೊಂಡರು, ಕೆಲವರು ದುಡಿಯಲು ಹೋದ ಕಡೆಯೇ ಉಳಿದರು. ಬರೆದಿಡೋಣವೆಂದರೆ ತಾಯಣ್ಣ ಒಪ್ಪಿದವನಲ್ಲ. ಹಾಳೆಗೆ ಕೊಟ್ಟರೆ ಬಾಯಿ ಸೋಮಾರಿಯಾಗುತ್ತದೆ ಎನ್ನುತ್ತಿದ್ದ.

“ನಿನಗಾದರೂ ಬರ್ತಿರಬೇಕಲ್ಲಬೇ,” ಎಂದು ನಾಗವೇಣಿ ತಾಯಿಯನ್ನು ಕೇಳಿದ್ದಳು. “ಬೆಳತನಕ ಅಪ್ಪನ ಹಿಂದ ಕೂತು ತಾಳ ಹಾಕಿದಾಕಿ ನೀನು.”

“ನಾ ಬರೀ ತಾಳ ಹಾಕಾಕಿ. ನನಗೆಲ್ಲಿ ಪದ ಬರ್ತದ?” ಎಂದು ಸೂಗಮ್ಮ ಅಲ್ಲಿಗೆ ಆ ಮಾತು ಮುಗಿಸಿದ್ದಳು.

ನಾಗವೇಣಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಶಿವರಾತ್ರಿಗೆ ಅರಕೇರಾಕ್ಕೆ ಹೋದಾಗ ಜಗಲಿಯ ಮೇಲಿದ್ದ ನೀಲಿ ಡಬ್ಬಿಯ ಮೇಲಿನ ಅಕ್ಷರ ಓದಿ, ಇದು ಸೀಡಿಯಲ್ಲ, ಬ್ಲೂ-ರೇ, ಇದನ್ನು ಓದುವ ಯಂತ್ರವೇ ಬೇರೆ ಎಂದು ಕಂಡುಕೊಂಡವಳು ಅವಳೇ. ಕಳಿಸಿದವರ ಫೋನಿಗೆ ಹಚ್ಚಿದರೆ ಆ ನಂಬರೇ ಈಗ ಇರಲಿಲ್ಲ. ಆಗ ಅವಳು ಒಂದು ಮಾತು ಆಡಿಬಿಟ್ಟಳು. “ಹುಣ್ಣಿಮಿ ಒಳಗ ನಿನಗ ಅಪ್ಪನ ದನಿ ಕೇಳಸ್ತೀನಿ, ಕನಕನಿಗೆ ಕಡೀ ನುಡಿ ಕಲಸ್ತೀನಿ. ಏಕತಾರಿ ಹೊಳಿಗಿ ಹೋಗಂಗಿಲ್ಲ.” ಆಡಿದ ಮಾತು ಅಂದಿನಿಂದ ಅವಳ ಎದೆಯ ಮೇಲೆ ಕೂತಿತ್ತು.

ಆಡುವಾಗ ಅದು ಹಗುರವೆನಿಸಿತ್ತು. ಮನೆಯಲ್ಲಿ ಕಂಪ್ಯೂಟರಿತ್ತಲ್ಲ. ಅವಳ ಗಂಡ ವಿನೋದ ಮಾನ್ವಿಯ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಸಿನಿಮಾ ಮತ್ತು ಕ್ರಿಕೆಟ್ಟಿನ ಹುಚ್ಚಿನವನು. ದೊಡ್ಡ ಟಿವಿಯ ಕೆಳಗೆ ಕಪ್ಪು ಪೆಟ್ಟಿಗೆಯಂಥ ಕಂಪ್ಯೂಟರ್ ಇಟ್ಟು, ನಡುಮನೆಯ ಮೂಲೆಮೂಲೆಗೂ ಸ್ಪೀಕರ್ ಕಟ್ಟಿ ಮನೆಯನ್ನೇ ಟಾಕೀಸು ಮಾಡಿದ್ದ. ಪೆಟ್ಟಿಗೆಯ ಮುಂದೆ ಡಿಸ್ಕ್ ಡ್ರೈವಿಗೆಂದೇ ಒಂದು ಖಾಲಿ ಖಾನೆಯೂ ಇತ್ತು. ಅದರಲ್ಲೊಂದು ಡ್ರೈವ್ ಕೂಡಿಸುವುದು, ಅಷ್ಟೇ.

ಅಷ್ಟೇ ಎಂಬುದು ಶಿವರಾತ್ರಿಯಿಂದ ಹುಣ್ಣಿಮೆಯ ಹಿಂದಿನ ದಿನದವರೆಗೂ ಉದ್ದವಾಯಿತು. ಮೊದಲು ತರಿಸಿದ ಪೆಟ್ಟಿಗೆಯಲ್ಲಿ ಬರೀ ಡಿವಿಡಿ ಡ್ರೈವ್ ಬಂತು. ನೋಡಲು ಎರಡೂ ಅವಳಿ ಮಕ್ಕಳ ಹಾಗೆ. ಕೂಡಿಸಿ, ಡಿಸ್ಕ್ ಹಾಕಿ, ಅದು ಓದದೆ ಹೊರಗೆ ಚಾಚಿದ ಮೇಲೆಯೇ ಗೊತ್ತಾಯಿತು. ಅದನ್ನು ಬಿಚ್ಚಿ ತಿರುಗಿ ಕಳಿಸಿದ್ದಾಯಿತು. ಸ್ಟೇಷನ್ ರಸ್ತೆಯ ಸಂದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಶಕೀಲ್, ಹೈದರಾಬಾದಿನಿಂದ ತರಿಸುತ್ತೇನೆಂದು ಇವತ್ತು ನಾಳೆ ಎನ್ನುತ್ತ ಕಡೆಗೆ ನಿನ್ನೆ ಸಂಜೆ ತಂದುಕೊಟ್ಟಿದ್ದ. ಈಗ ಆ ಡ್ರೈವನ್ನು ಖಾನೆಯೊಳಗೆ ಸರಿಸಿ, ಹಿಂದಿನಿಂದ ವೈರು ಹಚ್ಚಬೇಕೆಂದು ನಾಗವೇಣಿ ಪೆಟ್ಟಿಗೆಯೊಳಗೆ ಕೈ ಹಾಕಿದಳು. ಡೇಟಾ ಕೇಬಲ್ ಕೂತಿತು. ಕರೆಂಟಿನ ವೈರಿಗಾಗಿ ತಡಕಾಡಿದಳು. ಇರಲಿಲ್ಲ. ಆ ಡಿವಿಡಿ ಡ್ರೈವ್ ಬಿಚ್ಚಿದ ಮೇಲೆ ವಿನೋದ ಹಾಕಿಸಿದ ಫ್ಯಾನುಗಳು, ಬಣ್ಣದ ದೀಪಗಳು ಇದ್ದಬದ್ದ ವೈರನ್ನೆಲ್ಲ ತಿಂದುಕೊಂಡಿದ್ದವು.

ಅವಳು ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿ ಎದ್ದಳು.

“ಮತ್ತ ಏನಾತಬೇ?” ಎಂದಳು ಸೂಗಮ್ಮ.

“ಏನಿಲ್ಲ. ಮತ್ತೊಂದು ಸರ್ತಿ ಬಿಸಿಲಾಗ ಹೋಗಿ ಬರೋದು, ಅಷ್ಟ.”

ಸ್ಕೂಟಿಯ ಸೀಟು ಕಾದ ಹೆಂಚಿನ ಹಾಗಿತ್ತು. ಅಂಗಡಿಯಲ್ಲಿ ಶಕೀಲ್ ಯಾರದೋ ಪ್ರಿಂಟರಿನ ಹೊಟ್ಟೆ ಬಗೆದುಕೊಂಡು ಕೂತಿದ್ದ.

“ವೈರ್ ಡ್ರೈವ್ ಜೊತಿಗೆ ಬರಂಗಿಲ್ರಿ ಮೇಡಂ,” ಎಂದ.

“ನಿನ್ನಿ ಡ್ರೈವ್ ಕೊಡಾಗ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲಲ್ರಿ. ಎಲ್ಲಾರ ಪೆಟ್ಟಿಗ್ಯಾಗೂ ಒಂದು ಖಾಲಿ ವೈರ್ ಇದ್ದ ಇರ್ತದ. ನಿಮ್ಮ ಸಾಹೇಬರು ಅಷ್ಟು ಫ್ಯಾನ್ ಯಾಕ ಹಾಕಿಸ್ಯಾರ್ರಿ? ಕಂಪ್ಯೂಟರಿಗೂ ಬಿಸಿಲು ಹತ್ತತದೇನು?”

“ರಾಯಚೂರಾಗ ಎಲ್ಲಾರಿಗೂ ಹತ್ತತದ. ನನಗ ಈಗ ಹತ್ತೇ ಬಿಟ್ಟದ. ಲಗೂನ ಕೊಡು.”

ಶಕೀಲ್ ಒಂದು ಕವಲು ವೈರು ಹುಡುಕಿ ತೆಗೆದ. ಆಮೇಲೆ ಗಲ್ಲಾದ ಕೆಳಗಿನಿಂದ ಒಂದು ಡಿಸ್ಕನ್ನೂ ತೆಗೆದು ಕೊಟ್ಟ. “ಇದನ್ನೂ ಒಯ್ಯಿರಿ. ನಮ್ಮ ತಂಗಿ ಗುಲ್ಫಶಾನ ಶಾದಿದು. ವಿಡಿಯೋದಂವ ಬ್ಲೂ-ರೇ ಮ್ಯಾಲ ಮಾಡಿಕೊಟ್ಟ, ನೋಡಾಕ ಮನ್ಯಾಗ ಮಷೀನ್ ಇಲ್ಲ. ಇದು ಬಂತಂದ್ರ ಡ್ರೈವ್ ಖಾಸ್ ಅದ ಅಂತ ತಿಳೀರಿ. ಹಂಗ ನಮ್ಮ ಅಮ್ಮೀಜಾನ್ ಹ್ಯಾಂಗ ಕಾಣ್ತಾಳ ನೋಡಿ ಹೇಳ್ರಿ. ಬಹಳ ದಿನದಿಂದ ಕೇಳಾಕತ್ತಾಳ.”

ಅವಳು ಮನೆ ಮುಟ್ಟುವಷ್ಟರಲ್ಲಿ ಕರೆಂಟು ಹೋಗಿತ್ತು. ಫ್ಯಾನ್ ನಿಂತ ನಡುಮನೆಯಲ್ಲಿ ಸೂಗಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ತನಗಲ್ಲ, ಮಡಿಲಿನ ಗಂಟಿಗೆ. ನಾಗವೇಣಿ ಕಿಟಕಿಯ ಬೆಳಕಿಗೆ ಪೆಟ್ಟಿಗೆಯನ್ನು ಎಳೆದುಕೊಂಡು ಕೂತಳು. ವೈರು ಕೂತಿತು. ಡ್ರೈವಿನ ಪಕ್ಕಕ್ಕೆ ಸ್ಕ್ರೂ ಬಿಗಿಯುವಾಗ ಬೆವರಿದ ಬೆರಳಿನಿಂದ ಒಂದು ಸ್ಕ್ರೂ ಜಾರಿ, ಟಿಣ್ಣೆಂದು ಸದ್ದು ಮಾಡಿ ಒಳಗೆಲ್ಲೋ ಬಿತ್ತು. ಅದು ಒಳಗೆ ಉಳಿದರೆ ಕರೆಂಟು ಬಂದ ಕೂಡಲೇ ಮದರ್‌ಬೋರ್ಡೇ ಸುಟ್ಟುಹೋಗಬಹುದು. ಅವಳು ಪೆಟ್ಟಿಗೆಯನ್ನು ಎತ್ತಿ ದಡದಡ ಅಲ್ಲಾಡಿಸಿದಳು.

“ಜ್ವಾಳ ಹಸನು ಮಾಡೂ ಮರಾನ ಹಂಗ ಅಲ್ಲಾಡಸ್ತಾರೇನು?” ಎಂದಳು ಸೂಗಮ್ಮ. “ಸ್ವಲ್ಪ ಓರಿ ಮಾಡಿ ಮೆಲ್ಲಕ ತಟ್ಟು. ಹಳ್ಳು ತಾನ ಅಂಚಿಗೆ ಬರ್ತದ.”

ನಾಗವೇಣಿ ಪೆಟ್ಟಿಗೆಯನ್ನು ಓರೆ ಮಾಡಿ ತಟ್ಟಿದಳು. ಸ್ಕ್ರೂ ಬರಲಿಲ್ಲ, ಇನ್ನೂ ಒಳಕ್ಕೆ ಸರಿಯಿತು. ಕಡೆಗೆ ಹುಬ್ಬು ತೀಡುವ ಚಿಮುಟ ಹಾಕಿ ಎಳೆದಳು.

ಅಷ್ಟರಲ್ಲಿ ಮಾನ್ವಿಯಿಂದ ವಿನೋದನ ಫೋನು ಬಂತು. “ನನ್ನ ಸ್ಪೀಕರ್ ವೈರ್ ಕಿತ್ತಿಲ್ಲಲ್ಲ?”

“ಕಿತ್ತಿಲ್ಲ. ಇನ್ನೊಂದು ತಾಸು ಹಿಂಗ ಹೋದ್ರ ಕಿತ್ತ ಒಗೀತೀನಿ.”

“ಐತವಾರ ನಾನ ಹಾಕಿಕೊಡ್ತೀನಿ ಅಂದಿದ್ನಲ್ಲ.”

“ಐತವಾರಕ್ಕ ಏಕತಾರಿ ಕೃಷ್ಣಾದಾಗ ತೇಲಾಕತ್ತಿರ್ತದ್ರಿ. ಇಡ್ರಿ ಫೋನು.”

ಕರೆಂಟು ಬಂದ ಬೆನ್ನಿಗೇ ಕನಕರಾಜನೂ ಬಂದ. ದೇವದುರ್ಗದಲ್ಲಿ ಬಸ್ಸು ಬದಲಿಸಿ ಬಂದಿದ್ದ, ಅಂಗಿಯ ಬೆನ್ನೆಲ್ಲ ತೊಯ್ದಿತ್ತು. ಕೈಯಲ್ಲಿ ನಾಳೆಯ ಪೂಜೆಗೆಂದು ದಾರಿಯಲ್ಲಿ ಕೊಂಡು, ಹಸಿ ಬಟ್ಟೆಯಲ್ಲಿ ಸುತ್ತಿದ ದವನದ ಸೂಡು. ಅದನ್ನು ಇಟ್ಟ ಕೂಡಲೇ ಹೊಸ ವೈರಿನ, ಬೆವರಿನ ವಾಸನೆಯ ನಡುಮನೆ ಗುಡಿಯ ಹಾಗಾಯಿತು. ಅವನು ಸಂಜೆಯ ಬಸ್ಸಿಗೆ ತಿರುಗಿ ಹೋಗಬೇಕಿತ್ತು. ಬೆಳಗ್ಗೆ ಊರಿಗೆ ನೀರು ಬಿಡಬೇಕು, ರಾತ್ರಿ ಬೆಳತನಕ ಆರಾಧನೆ.

“ಕೂಡಪ್ಪ,” ಎಂದಳು ನಾಗವೇಣಿ. “ಇನ್ನ ಹಾಡೋದೊಂದ ಬಾಕಿ.”

ಸೂಗಮ್ಮ ಗಂಟು ಬಿಚ್ಚಿದಳು. ಡಬ್ಬಿಯಿಂದ ತೆಗೆದ ಡಿಸ್ಕನ್ನು ಎರಡೂ ಕೈಯಿಂದ ಹಿಡಿದು, ಕಣ್ಣಿಗೆ ಒತ್ತಿಕೊಂಡು, ಡ್ರೈವಿನ ನಾಲಿಗೆಯ ಮೇಲೆ ತಾನೇ ಇಟ್ಟಳು. ನಾಲಿಗೆ ಒಳಗೆ ಹೋಯಿತು. ಒಳಗೆ ಗುರ್ರೆಂದು ತಿರುಗುವ ಸದ್ದು. ಟಿವಿಯ ಮೇಲೆ ಒಂದು ಬಿಲ್ಲೆ ಸುತ್ತಿತು. ಸದ್ದು ನಿಂತಿತು. ನಾಲಿಗೆ ಹೊರಗೆ ಬಂತು.

ಮತ್ತೆ ಹಾಕಿದಳು. ಮತ್ತೆ ಹೊರಗೆ. ಕಂಪ್ಯೂಟರನ್ನು ಆರಿಸಿ ಹಚ್ಚಿ ಹಾಕಿದಳು, ವೈರು ಬಿಚ್ಚಿ ಕೂಡಿಸಿ ಹಾಕಿದಳು. ಪ್ರತಿ ಸಲವೂ ಯಂತ್ರ ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಮಾಡಿ ನಾಲಿಗೆ ಚಾಚುತ್ತಿತ್ತು.

“ಅಣಕಸಾಕತ್ತದೇನಕ್ಕ ಅದು?” ಎಂದ ಕನಕರಾಜ.

“ಸುಮ್ಮನ ಕೂಡೋ ತಮ್ಮಾ.”

ಹೈದರಾಬಾದಿನಿಂದ ಬಂದ ಡ್ರೈವೇ ಕೆಟ್ಟದ್ದಿರಬೇಕು, ಶಕೀಲನಿಗೆ ನಾಲ್ಕು ಮಾತು ಬೈದೇ ಬರುತ್ತೇನೆಂದು ನಾಗವೇಣಿ ಸ್ಕೂಟಿಯ ಕೀಲಿಗೆ ಕೈ ಹಾಕಿದಳು. ಆಗ ಶಾದಿಯ ಡಿಸ್ಕು ನೆನಪಾಯಿತು. ಅದನ್ನು ಹಾಕಿದಳು. ಬಿಲ್ಲೆ ಸುತ್ತಿತು, ಹೋಯಿತು, ಮರುಗಳಿಗೆ ಟಿವಿಯ ತುಂಬ ಗುಲ್ಫಶಾನ ಮದುವೆ. ಮದರಂಗಿಯ ಒಂದೊಂದು ಗೆರೆ, ಮಲ್ಲಿಗೆಯ ಒಂದೊಂದು ಎಸಳು, ಮೂಲೆಮೂಲೆಯ ಸ್ಪೀಕರಿನಿಂದ ನೆಂಟರ ಗದ್ದಲ.

“ಯಾರ್ಬೇ ಈ ಹುಡುಗಿ? ಚಂದ ಅದಾಳ,” ಎಂದಳು ಸೂಗಮ್ಮ.

“ಬಿರಿಯಾನಿ ಹೊಗಿ ಸುದ್ದಾ ಕಾಣಾಕತ್ತದಕ್ಕ,” ಎಂದು ಕನಕರಾಜ ಗುಟುಕು ನುಂಗಿದ.

ನಾಗವೇಣಿ ಸ್ಕೂಟಿಯ ಕೀಲಿಯನ್ನು ಕೆಳಗಿಟ್ಟಳು. ಯಂತ್ರದಲ್ಲಿ ತಪ್ಪಿಲ್ಲ. ಯಂತ್ರದಲ್ಲಿ ತಪ್ಪಿದ್ದರೆ ಬೈಯಲು ಒಬ್ಬ ಶಕೀಲನಾದರೂ ಇದ್ದ. ಅವಳು ಮದುವೆಯನ್ನು ಅರ್ಧಕ್ಕೆ ನಿಲ್ಲಿಸಿ, ಅಪ್ಪನ ಡಿಸ್ಕನ್ನು ಕಿಟಕಿಯ ಬಳಿ ಒಯ್ದು, ಹೊಳೆಯುವ ಬದಿಯನ್ನು ಬಿಸಿಲಿಗೆ ಹಿಡಿದಳು.

ಅದು ಹೊಳೆಯುತ್ತಿರಲಿಲ್ಲ. ಬೂದಿ ಬಣ್ಣದ ಮೂರು ಪಟ್ಟೆ ಅಡ್ಡಡ್ಡ ಎಳೆದಿದ್ದವು. ನಡುವಿನ ತೂತಿನ ಪಕ್ಕ ಗಂಧದ ಒಣಗಿದ ಬೊಟ್ಟು. ಇಷ್ಟು ದಿನ ತಾನು ಅಕ್ಷರದ ಬದಿಯನ್ನೇ ಓದುತ್ತ ಬಂದಿದ್ದಳೇ ಹೊರತು ಈ ಬದಿಯನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ. ಮುಟ್ಟಿದರೆ ಕೈ ತೊಳೆಯಬೇಕಾದ ವಸ್ತುವನ್ನು ತಾಯಿಯೇ ಇಡುತ್ತಿದ್ದಳು, ತಾಯಿಯೇ ತೆಗೆಯುತ್ತಿದ್ದಳು.

“ಯವ್ವಾ,” ಎಂದಳು ಮೆಲ್ಲಗೆ. “ಇದಕ್ಕ ಏನು ಹಚ್ಚೀದಿ?”

“ದೇವರ ಮುಂದ ಇಟ್ಟದ್ದಕ್ಕ ಏನು ಹಚ್ತಾರ? ಈಬತ್ತಿ.”

“ಯಾವ ಕಡಿ ಹಚ್ಚೀದಿ ನೋಡಿದೇನು?”

“ನೋಡದ ಹಚ್ತೀನೇನು? ಮಾರಿ ಕಡಿ.”

“ಅದರ ಮಾರಿ ಯಾವುದು?”

ಸೂಗಮ್ಮನಿಗೆ ಮಗಳ ಓದಿನ ಮೇಲೆಯೇ ಅನುಮಾನ ಬಂದಂತಾಯಿತು. “ಹೊಳೀತದಲ್ಲ, ಅದು. ನೋಡಿದ್ರ ನಮ್ಮ ಮಾರಿ ಕಾಣ್ತದ. ಆ ಕಡಿ ಬರೀ ಅಕ್ಷರ ಅವ, ಅದು ಬೆನ್ನು. ಬೆನ್ನಿಗೆ ಯಾರಾದರೂ ಈಬತ್ತಿ ಹಚ್ತಾರೇನು?”

ಕನಕರಾಜ ತಲೆಯಾಡಿಸಿದ. ಅವನಿಗೂ ಅದು ಸರಿಯೆಂದೇ ಕಂಡಿತ್ತು.

“ಎಂದಿನಿಂದ ಹಚ್ಚಾಕತ್ತೀದಿ?”

“ನಿಮ್ಮಪ್ಪ ಹೋದಾಗಿಂದ. ಸೋಮಾರಕ್ಕೊಮ್ಮೆ ಹಳೇದು ಒರಸಿ ಹೊಸಾದು ಹಚ್ತೀನಿ. ಒಂದು ಸೋಮಾರ ತಪ್ಪಿಸಿಲ್ಲ.”

“ಯಾತರಿಂದ ಒರಸ್ತೀದಿ?”

“ಸೆರಗಿನಿಂದ. ಮತ್ಯಾತರಿಂದ?”

ನಾಗವೇಣಿ ಕಣ್ಣು ಮುಚ್ಚಿದಳು. ಈ ಜಾತಿಯ ಡಿಸ್ಕಿನಲ್ಲಿ ಬರಹವೆಲ್ಲ ಹೊಳೆಯುವ ಬದಿಯ ಚರ್ಮದ ಕೆಳಗೇ ಇರುತ್ತದೆಂದು ಅವಳು ಓದಿದ್ದಳು. ಅದರ ಮೇಲೆ ಬೂದಿ ಹಚ್ಚಿ ನೂಲಿನ ಸೆರಗಿನಿಂದ ತಿಕ್ಕುವುದೆಂದರೆ ಉಸುಕಿನಿಂದ ಪಾತ್ರೆ ತಿಕ್ಕಿದ ಹಾಗೆ. ದೇವದುರ್ಗದ ಅಂಗಡಿಯವನು ಡಿಸ್ಕಿನೊಳಗೆ ಏನೂ ಇಲ್ಲ ಅಂದಾಗ ಎಲ್ಲ ಇತ್ತು.

“ಮೂರು ವರ್ಷ ಅಪ್ಪನ ದನಿ ತಿಕ್ಕಿ ತಿಕ್ಕಿ ಅಳಿಸೀದಿ ನೀನು,” ಎಂದಳು. ಅಂದ ಮೇಲೆ ಅದು ಬಾಯಿಂದ ಬಂದದ್ದಕ್ಕೆ ಬೇಸರವಾಯಿತು. ಬೇಸರವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ತಂಬಿಗೆ ಎತ್ತಿ ನೀರು ಕುಡಿದಳು.

ತಾಯಿ ಅಳಬಹುದು, ಇಲ್ಲವೇ ಬೈಯಬಹುದು ಎಂದು ಕಾದಳು. ಸೂಗಮ್ಮ ಎರಡನ್ನೂ ಮಾಡಲಿಲ್ಲ. ಭಕ್ತಿಗೆ ತಾನು ಮುಟ್ಟಿದ್ದು ಸವೆಯುತ್ತದೆಂಬ ಅಂಜಿಕೆ ಎಂದೂ ಇರುವುದಿಲ್ಲ. ಮುಟ್ಟಿ ಮುಟ್ಟಿ ನುಣ್ಣಗಾದ ಗುಡಿಯ ಮೂರ್ತಿಗೆ ಮೂಗು ಇಲ್ಲವೆಂದು ಯಾರೂ ದೂರುವುದಿಲ್ಲ. ಆದರೆ ಯಂತ್ರ ಮೂಗನ್ನೇ ಕೇಳುತ್ತದೆ.

ಕಡೆಗೆ ಬಾಗಿಲ ಬಳಿ ಸೂಗಮ್ಮನ ದನಿ ಬಂತು. “ತೊಳದರ ಹೋಗ್ತದೇನಬೇ?”

“ಬೂದಿ ಹೋಗ್ತದ. ಗೀರು ಹೋಗಂಗಿಲ್ಲ.”

“ತೊಳಿ ಮತ್ತ. ಆದರ ಆ ನೀರು ಬಚ್ಚಲಕ್ಕ ಬಿಡಬ್ಯಾಡ. ನಿಮ್ಮಪ್ಪಗ ಹಚ್ಚಿದ್ದು ಅದು.”

ಮೊದಲ ಬರಿನೀರನ್ನು ಬೋಗುಣಿಯಲ್ಲಿ ಹಿಡಿದು ಸೂಗಮ್ಮ ತುಳಸಿಗೆ ಹಾಕಿ ಬಂದಳು. ಆಮೇಲೆ ನಾಗವೇಣಿ ಬೆಚ್ಚನೆಯ ನೀರಿಗೆ ಸೋಪಿನ ಹನಿ ಬೆರೆಸಿ, ಹತ್ತಿಯಿಂದ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಎಳೆದು ತೊಳೆದಳು. ಹುಟ್ಟಿದ ಕೂಸಿನ ತಲೆ ತೊಳೆಯುವಾಗ ಇರುವಷ್ಟು ಹೆದರಿಕೆ ಬೆರಳಲ್ಲಿತ್ತು. ಗಂಧ ಕರಗಿತು, ಬೂದಿ ಹೋಯಿತು. ಒಳಗಿನ ಸುತ್ತು ಸ್ವಚ್ಛವಾಗಿಯೇ ಇತ್ತು. ಹೊರಗಿನ ಅಂಚಿನಲ್ಲಿ ಮಾತ್ರ, ಸೂಗಮ್ಮ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದ ಜಾಗದಲ್ಲಿ, ಮಂಜು ಕವಿದಂತೆ ಸಣ್ಣ ಗೀರುಗಳ ಮೊತ್ತ. ಒರೆಸಿ, ಆರಿಸಿ, ಈ ಸಲ ಯಾರೂ ಕಣ್ಣಿಗೆ ಒತ್ತಿಕೊಳ್ಳದಂತೆ ತಾನೇ ನಾಲಿಗೆಯ ಮೇಲೆ ಇಟ್ಟಳು.

ಬಿಲ್ಲೆ ಸುತ್ತಿತು. ಸುತ್ತುತ್ತಲೇ ಇತ್ತು. ಒಮ್ಮೆಲೇ ಟಿವಿಯ ತುಂಬ ತಾಯಣ್ಣ ಬಂದು ಕೂತ.

ಕಂದೀಲಿನ ಬೆಳಕಿನಲ್ಲಿ ಅವನ ಹಣೆಯ ಬೆವರು ಹನಿಹನಿಯಾಗಿ ಕಾಣುತ್ತಿತ್ತು. ಅಂಗಿಯ ಹೆಗಲಿಗೆ ಸೂಗಮ್ಮ ಹಾಕಿದ್ದ ತೇಪೆಯ ಹೊಲಿಗೆಯೂ ಕಂಡಿತು. ಅವನು ಏಕತಾರಿಯನ್ನು ಕಿವಿಯ ಬಳಿ ತಂದು ತಂತಿ ಮೀಟಿ, “ಬಾಗಿಲ ತೆರೆಯೋ ಒಳಗಿನವನೇ” ಎಂದು ಎತ್ತಿಕೊಟ್ಟ. “ಹೊರಗೆ ನಿಂತವ ನೀನೇ” ಎಂದು ಹಿಮ್ಮೇಳ ಹಿಡಿಯಿತು. ಆ ಹಿಡಿದ ದನಿ ಬೆನ್ನ ಹಿಂದಿನ ಸ್ಪೀಕರುಗಳಿಂದಲೂ ಬಂದಾಗ ಸೂಗಮ್ಮ ತಟ್ಟನೆ ತಿರುಗಿ ನೋಡಿದಳು. ಹಿಂದೆ ಗೋಡೆ ಇತ್ತು.

ಅವರ ಮೇಳದ ರೀತಿಯೇ ಅದು. ಹಾಡುವವನು ಸಾಲಿನ ಮೊದಲ ಎರಡು ಮೂರು ಮಾತು ಎತ್ತಿಕೊಟ್ಟು ಬಿಡುತ್ತಾನೆ. ಉಳಿದದ್ದನ್ನು ಹಿಮ್ಮೇಳ ಹಿಡಿದುಕೊಂಡು ಹೋಗಬೇಕು. ನುಡಿಯ ಕಡೆಗೆ ಬರುವ ಗುರುವಿನ ಹೆಸರಿನ ಸಾಲನ್ನು ಮಾತ್ರ ಅವನೊಬ್ಬನೇ ಹಾಡುತ್ತಾನೆ. ಆ ಸಾಲು ಎಲ್ಲ ನುಡಿಗೂ ಒಂದೇ. ತಾಯಣ್ಣನ ಹೆಗಲ ಹಿಂದೆ, ಸೆರಗು ಹೊದ್ದು ತಾಳ ಹಿಡಿದ ಸೂಗಮ್ಮನೂ ಪರದೆಯ ಮೇಲೆ ಕೂತಿದ್ದಳು. ಈ ಸೂಗಮ್ಮ ಆ ಸೂಗಮ್ಮನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಗಂಡನನ್ನು ನೋಡಿ ಕೂತಲ್ಲಿಂದ ಸ್ವಲ್ಪ ಮುಂದಕ್ಕೆ ಸರಿದಳು, ಅಷ್ಟೇ.

ನುಡಿಯ ಹಿಂದೆ ನುಡಿ ಹೋಯಿತು. ಕನಕರಾಜ ತುಟಿಯಲ್ಲೇ ಹಾಡಿಕೊಳ್ಳುತ್ತ ಬಂದ. ಪರದೆಯ ಕಿಟಕಿಯಲ್ಲಿ ಮೂಡಲು ಬೆಳ್ಳಗಾಯಿತು. ಹಿಮ್ಮೇಳದಲ್ಲಿದ್ದ ಕನಕರಾಜ ಹಂಡೆಯ ಉರಿಗೆ ಎದ್ದು ಹೋದ; ಇಲ್ಲಿ ಕೂತ ಕನಕರಾಜ ತನ್ನ ಬೆನ್ನನ್ನು ತಾನೇ ನೋಡಿ ನಿಟ್ಟುಸಿರು ಬಿಟ್ಟ. ತಾಯಣ್ಣ ತಂತಿಯನ್ನು ಇನ್ನೊಮ್ಮೆ ಮೀಟಿ, ತಲೆ ಎತ್ತಿ, “ಕದವಿಲ್ಲದ ಮನಿಗೆ” ಎಂದ.

ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು. ಕಂದೀಲಿನ ಕುಡಿ ಅಲ್ಲಾಡದೆ ನಿಂತಿತ್ತು. ಡ್ರೈವಿನೊಳಗಿನಿಂದ ಕಟಕಟ ಹಲ್ಲು ಕಡಿಯುವ ಸದ್ದು.

ನಾಗವೇಣಿ ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು. ಅಪ್ಪ ತಲೆ ಎತ್ತಿದ, “ಕದವಿಲ್ಲದ ಮನಿಗೆ” ಎಂದ, ನಿಂತ. ಮುಂದಕ್ಕೆ ಹಾರಿಸಿ ನೋಡಿದಳು. ಮುಂದೆ ಏನೂ ಇರಲಿಲ್ಲ, ಬರೀ ಕಪ್ಪು. ಡಿಸ್ಕು ಓದುವುದು ನಡುವಿನಿಂದ ಅಂಚಿಗೆ. ಹಾಡಿನ ಕಡೆ ಇರುವುದು ಅಂಚಿನಲ್ಲಿ. ತಾಯಿಯ ಹೆಬ್ಬೆರಳು ಹಿಡಿದದ್ದೂ ಅಲ್ಲೇ, ಸೆರಗು ಹೆಚ್ಚು ತಿಕ್ಕಿದ್ದೂ ಅಲ್ಲೇ. ಇಷ್ಟೆಲ್ಲ ನುಡಿಗಳಲ್ಲಿ ಕನಕರಾಜನಿಗೆ ಬರುವುದೆಲ್ಲ ಉಳಿದು, ಬಾರದ್ದೊಂದೇ ಹೋಗಿತ್ತು. ಅವಳಿಗೆ ರಿಮೋಟನ್ನು ಗೋಡೆಗೆ ಒಗೆಯಬೇಕೆನಿಸಿತು.

“ಬಿಡಕ್ಕ,” ಎಂದ ಕನಕರಾಜ. ಅವನು ದವನದ ಸೂಡನ್ನು ಎತ್ತಿಕೊಂಡಿದ್ದ. “ನೀ ಮಾಡೋದೆಲ್ಲಾ ಮಾಡೀದಿ. ನಾಳಿಗಿ ನಾನ ಏಕತಾರಿ ಹೊಳಿಗಿ ಒಯ್ತೀನಿ. ಬ್ಯಾರೆ ಯಾರೂ ಒಯ್ಯೋದು ಬ್ಯಾಡ.”

“ಇನ್ನೊಮ್ಮಿ ತಡಿ,” ಎಂದಳು ನಾಗವೇಣಿ. ಆಸೆಯಿಂದಲ್ಲ, ಹಟಕ್ಕೆ. ಗುಂಡಿ ಒತ್ತಿದಳು.

ತಾಯಣ್ಣ ತಂತಿ ಮೀಟಿದ. ತಲೆ ಎತ್ತಿದ. “ಕದವಿಲ್ಲದ ಮನಿಗೆ” ಎಂದು ಎತ್ತಿಕೊಟ್ಟ. ನಿಂತ.

ಸೂಗಮ್ಮನ ಅಂಗೈ ಅವಳ ಮೊಣಕಾಲ ಮೇಲೆ ತಾಳಕ್ಕೆ ಬಿತ್ತು. “ಕಾವಲು ಯಾಕೋ” ಎಂದು ಅವಳು ಹಿಡಿದಳು. ಬಿರುಕು ಬಿಟ್ಟ, ಒಣಗಿದ ದನಿ. ಆದರೆ ಜಾಗ ತಪ್ಪದ ದನಿ. ಅವಳ ಕಣ್ಣು ಪರದೆಯ ಮೇಲಿನ ತೆರೆದ ಬಾಯನ್ನು ಬಿಟ್ಟು ಕದಲಲಿಲ್ಲ.

“ಕರೆದವ ಯಾರೋ ಬಂದವ ಯಾರೋ,
ಕೂಗಿದ ದನಿಯೇ ಓಗೊಟ್ಟಿತಲ್ಲೋ”

ಎಂದು ಮೇಲಕ್ಕೆ ಏರಿ, ಅಲ್ಲಿ ನಿಲ್ಲಿಸಿ, ಪರದೆಯ ಕಡೆ ಕಿವಿ ಕೊಟ್ಟು ಕಾದಳು. ಮುಂದಿನದು ಗುರುವಿನ ಹೆಸರಿನ ಸಾಲು. ಅದು ಹಿಮ್ಮೇಳದ್ದಲ್ಲ. ಪರದೆಯ ತಾಯಣ್ಣ ಹಾಗೆಯೇ ಕೂತಿದ್ದ.

ಕನಕರಾಜ ದವನದ ಸೂಡನ್ನು ಎದೆಗೆ ಹಿಡಿದುಕೊಂಡೇ ಹಾಡಿದ. “ದಿಬ್ಬದ ಗುರುವೇ ಬಾಗಿಲ ತೆರೆಯೋ.”

ಸೂಗಮ್ಮ ಬೆಚ್ಚಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ನಾ ಹಾಡಿದ್ನೇನಬೇ?”

“ಹಾಡಿದಿ. ಪೂರಾ ಹಾಡಿದಿ. ನಿನಗ ಬರ್ತದಂತ ಯಾಕ ಹೇಳಲಿಲ್ಲ?” ನಾಗವೇಣಿ ತಾಯಿಯ ಹತ್ತಿರಕ್ಕೆ ಸರಿದಳು. “ಇದೊಂದು ಪೆಟ್ಟಿಗಿ ಹಿಡಕೊಂಡು ನಾ ಎಷ್ಟು ಸಾಯಾಕತ್ತೀನಿ. ತಡಿ, ಮೊಬೈಲಿನ್ಯಾಗ ತಗೋತೀನಿ. ಇನ್ನೊಮ್ಮಿ ಹಾಡು.”

“ನನಗ ಬರಂಗಿಲ್ಲ. ಆತ ಎತ್ತಿಕೊಟ್ಟರ ಹಿಡೀತೀನಿ. ಸುಮ್ಮನ ಹೆಂಗ ಬರ್ತದ?”

ನಾಗವೇಣಿ ಗುಂಡಿ ಒತ್ತಿದಳು. ಡ್ರೈವ್ ಗುರ್ರೆಂದಿತು, ಹಲ್ಲು ಕಡಿಯಿತು, ಪರದೆ ಕಪ್ಪಾಯಿತು, ನಾಲಿಗೆ ಹೊರಗೆ ಬಂತು. ಹಾಕಿದಳು. ಹೊರಗೆ ಬಂತು. ತೊಳೆದು ಬಂದು ಹಾಕಿದರೂ ಅಷ್ಟೇ. ಎತ್ತಿಕೊಡುವಷ್ಟನ್ನು ಎತ್ತಿಕೊಟ್ಟು ಅದು ಸುಮ್ಮನಾಗಿತ್ತು.

ಆಗ ಕನಕರಾಜ ಸೂಡನ್ನು ಕೆಳಗಿಟ್ಟು, ಸೂಗಮ್ಮನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಇದು ಆ ನುಡಿಯ ಹೊತ್ತಲ್ಲವೆಂದು ಅಂಜುತ್ತ ಅಂಜುತ್ತ “ಕದವಿಲ್ಲದ ಮನಿಗೆ” ಎಂದ.

ಸೂಗಮ್ಮ ಹಿಡಿಯಲಿಲ್ಲ. ಅವನನ್ನೇ ನೋಡಿದಳು.

“ಅಷ್ಟು ಸಣ್ಣಗ ಎತ್ತಿಕೊಟ್ಟರ ಹಿಂದಿನವರು ಎಲ್ಲಿಂದ ಹಿಡೀಬೇಕೋ ತಮ್ಮಾ? ಊರಿಗೆ ನೀರು ಬಿಡಾಂವ ನೀನು. ಹನಿ ಹನಿ ಬಿಡತೀಯೇನು? ಪೂರಾ ಬಿಡು.”

ಅವನು ಕಣ್ಣು ಮುಚ್ಚಿ, ತಾಯಣ್ಣನ ಹಾಗೆಯೇ ತಲೆ ಎತ್ತಿ, ಎದೆಯಿಂದ ಬಿಟ್ಟ. ಸೂಗಮ್ಮನ ಅಂಗೈ ಮೊಣಕಾಲಿಗೆ ಬಿತ್ತು. ಅವಳು ಹಿಡಿದಳು.

ನಾಗವೇಣಿ ಮೊಬೈಲಿನ ಕೆಂಪು ಚುಕ್ಕೆ ಒತ್ತಿ ಹಿಡಿದಿದ್ದಳು. “ಬಂದವ ಯಾರೋ” ಎಂಬಲ್ಲಿಗೆ ಮಾನ್ವಿಯಿಂದ ವಿನೋದನ ಫೋನು ಬಂದು, ಚುಕ್ಕೆ ಆರಿ, ಪರದೆಯ ತುಂಬ ಅವನ ನಗುಮುಖ ಬಂತು. ಅವರಿಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ನುಡಿ ಮುಗಿಸಿ, ಮತ್ತೆ ಎತ್ತಿ, ಮತ್ತೆ ಮುಗಿಸಿದರು. ಅವಳು ಫೋನು ಹಿಡಿದು ಹೊರಗಿನ ಕಟ್ಟೆಗೆ ಹೋದಳು.

“ನಡೀತೇನು ಡ್ರೈವ್?” ಎಂದ ವಿನೋದ.

“ನಡೀತು. ನಿಂತಿತು.”

“ಹಂಗಂದ್ರ? ಕೆಲಸ ಆತೋ ಇಲ್ಲೋ?”

“ಆಮ್ಯಾಲ ಹೇಳ್ತೀನ್ರಿ,” ಎಂದು ಅವಳು ಫೋನು ಇಟ್ಟಳು. ಒಳಗಿನಿಂದ ಕನಕರಾಜ ಹೊರಬಂದ. ಚಹಾ ಕುಡಿದು ಹೋಗು ಎಂದರೆ ತುಟಿ ಬಿಗಿದುಕೊಂಡೇ ಬೇಡವೆಂದು ಕೈಯಾಡಿಸಿದ. ಬಾಯಿ ತೆರೆದರೆ ಚೆಲ್ಲಿಹೋಗುತ್ತದೆಂಬಂತೆ, ತುಂಬಿದ ಕೊಡ ಹೊತ್ತವನ ನಡಿಗೆಯಲ್ಲಿ ಮೆಟ್ಟಿಲಿಳಿದು ಬಸ್ಸಿನ ದಾರಿ ಹಿಡಿದ. ದವನದ ಸೂಡು ಒಳಗೇ ಉಳಿದಿತ್ತು. ಕೂಗಿದರೆ ಉತ್ತರ ಕೊಡಬೇಕಾಗುತ್ತದೆ ಎಂದು ನಾಗವೇಣಿ ಕೂಗಲಿಲ್ಲ. ನಾಳೆ ತಾಯಿಯ ಜೊತೆ ಅರಕೇರಾಕ್ಕೆ ಹೋಗುವಾಗ ತಾನೇ ಒಯ್ಯುತ್ತೇನೆಂದುಕೊಂಡಳು.

ಒಳಗೆ ಬಂದರೆ ನಡುಮನೆ ಹಾಗೇ ಬಿದ್ದಿತ್ತು. ಬಿಚ್ಚಿದ ಪೆಟ್ಟಿಗೆ, ವೈರುಗಳು, ಎಲ್ಲಿಯದೆಂದು ತಿಳಿಯದೆ ಮಿಕ್ಕ ಒಂದು ಸ್ಕ್ರೂ. ಸೂಗಮ್ಮ ಡ್ರೈವಿನ ನಾಲಿಗೆಯ ಮೇಲಿನಿಂದ ಡಿಸ್ಕನ್ನು ಎತ್ತಿಕೊಂಡು ಕೆಂಪು ವಸ್ತ್ರದ ಮೇಲೆ ಇಟ್ಟಿದ್ದಳು. ಸೊಂಟದ ಸಂಚಿಯಿಂದ ವಿಭೂತಿಯ ಗಟ್ಟಿ ತೆಗೆದು, ಮೂರು ಬೆರಳಿಗೆ ಹಚ್ಚಿಕೊಂಡು, ಮಗಳನ್ನು ಕಂಡು ಹಾಗೆಯೇ ನಿಂತಳು.

ನಾಗವೇಣಿ ಒಂದು ಗಳಿಗೆ ಆ ಬೆರಳುಗಳನ್ನು ನೋಡಿದಳು. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ಡಿಸ್ಕನ್ನು ಮೆಲ್ಲಗೆ ಮಗುಚಿ ಅಕ್ಷರದ ಬದಿಯನ್ನು ಮೇಲೆ ಮಾಡಿದಳು.

“ಇಲ್ಲಿ ಹಚ್ಚಬೇ.”

“ಬೆನ್ನಿಗೇನು?”

“ಹ್ಞೂಂ. ಬೆನ್ನಿಗೆ.”

ಸೂಗಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಹಚ್ಚಿದಳು.